ಧನಿಗಳ ಪಿಕಪ್ಪಿನ ಸೊಟ್ಟ ಸ್ಟೇರಿಂಗ್

ಅವರ ಎರಡೂ ಮುಂಗೈಗಳಲ್ಲಿ ಒಂದೇ ಒಂದು ರೋಮವಿರಲಿಲ್ಲ. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಎಣ್ಣೆ ಸವರಿದಂತೆ ನುಣ್ಣಗೆ ಹೊಳೆಯುತ್ತಿತ್ತು. ಹೋಟೆಲಿನ ಮಾಲಕರಾದರೂ ಬೆಳಗಿನ ಹೊತ್ತು ದೋಸೆಕಾವಲಿಯ ಮುಂದೆ ತಾವೇ ನಿಲ್ಲುತ್ತಿದ್ದರು. ಆ ಝಳಕ್ಕೆ ಸುಟ್ಟ ರೋಮ ಮತ್ತೆ ಬೆಳೆಯುವ ಆಸೆಯನ್ನೇ ಬಿಟ್ಟಿತ್ತು. ನಾನು ನರ್ಸ್. ಯಾರನ್ನು ಕಂಡರೂ ಮೊದಲು ನೋಡುವುದು ಕೈಯನ್ನು, ನರ ಸುಲಭವಾಗಿ ಸಿಗುತ್ತದೆಯೇ ಎಂದು. ಅವರದು ಸೂಜಿ ಹಾಕಲು ಬಹಳ ಒಳ್ಳೆಯ ಕೈ. ಒಮ್ಮೆ ಹಾಗೆಂದು ಹೇಳಿಯೂ ಬಿಟ್ಟೆ.

“ಎಲ್ಲರೂ ನನ್ನ ದೋಸೆ ಹೊಗಳ್ತಾರೆ ಸಿಸ್ಟರ್. ನರ ಹೊಗಳಿದ್ದು ನೀವೊಬ್ರೇ,” ಎಂದು ನಕ್ಕರು.

ಕಂಕನಾಡಿಯಲ್ಲಿ, ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಗೆ ಹತ್ತಿರದಲ್ಲೇ ಅವರ ಹೋಟೆಲು. ಊರಿನಲ್ಲಿ ಗದ್ದೆ ಇದ್ದ ಮನೆತನವಾದ್ದರಿಂದ ಕೆಲಸದವರು ಧನಿ ಎನ್ನುತ್ತಿದ್ದರು. ಕ್ರಮೇಣ ಗಿರಾಕಿಗಳಿಗೂ, ನಮ್ಮ ಆಸ್ಪತ್ರೆಯವರಿಗೂ ಅವರು ಧನಿಗಳೇ ಆದರು. ನಾವಿಬ್ಬರೂ ಮಾತಾಡುತ್ತಿದ್ದುದು ತುಳುವಿನಲ್ಲಿ, ಸಿಟ್ಟು ಬಂದಾಗ ಕನ್ನಡದಲ್ಲಿ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ನಾನು ನಿವೃತ್ತಳಾದ ವರ್ಷವೇ ಅವರ ಹೋಟೆಲಿದ್ದ ಹಳೆಯ ಕಟ್ಟಡವನ್ನು ಕೆಡವಿದರು. ಅದೇ ವರ್ಷ ಅವರ ಹೆಂಡತಿಯೂ ತೀರಿಕೊಂಡರು. ಕೊನೆಯ ತಿಂಗಳುಗಳಲ್ಲಿ ಆಕೆಗಾಗಿ ತಂದಿದ್ದ ಆಸ್ಪತ್ರೆಯ ಮಂಚ, ತಲೆಯ ಭಾಗವನ್ನು ಹಿಡಿ ತಿರುಗಿಸಿ ಎತ್ತುವಂಥದ್ದು, ಕದ್ರಿಯ ಅವರ ಮನೆಯ ಕೋಣೆಯಲ್ಲಿ ಉಳಿಯಿತು. ಆಕೆಯ ಉತ್ತರಕ್ರಿಯೆಗೆ, ನಮ್ಮ ಕಡೆಯ ಬೊಜ್ಜಕ್ಕೆ, ಹೋಗಿದ್ದ ನನ್ನನ್ನು ಊಟದ ನಂತರ ಆ ಕೋಣೆಗೆ ಕರೆದುಕೊಂಡು ಹೋದರು.

“ಇದನ್ನು ಮಾರ್ಲಿಕ್ಕೆ ಮನಸ್ಸಿಲ್ಲ. ನೋಡ್ಲಿಕ್ಕೂ ಆಗುದಿಲ್ಲ. ಬೇಕಾದವರು ಯಾರಾದ್ರೂ ಇದ್ದಾರಾ?”

ಇದ್ದರು. ಬೇಕಾದವರು ಯಾವಾಗಲೂ ಇರುತ್ತಾರೆ. ಆ ಮಂಚ ಬಲ್ಮಠದ ಒಂದು ಮನೆಗೆ ಹೋಗಿ, ಅಲ್ಲಿಯ ಕೆಲಸ ಮುಗಿಸಿ ಹಿಂದೆ ಬರುವಾಗ ಜೊತೆಯಲ್ಲಿ ಒಂದು ಗಾಲಿಕುರ್ಚಿಯನ್ನೂ ಕರೆದುಕೊಂಡು ಬಂತು. ಹೀಗೇ ನಮ್ಮ ಕೆಲಸ ಶುರುವಾಯಿತು. ಮಲಗಿದವರ ಮನೆಗೆ ಮಂಚ, ವಾಕರು, ನೀರಿನ ಹಾಸಿಗೆ ಕೊಡುವುದು; ಕೆಲಸ ಮುಗಿದ ಮೇಲೆ ತರುವುದು; ತೊಳೆದು ಒಣಗಿಸಿ ಇನ್ನೊಬ್ಬರಿಗೆ ಕೊಡುವುದು. ತೊಳೆಯುವುದರಲ್ಲಿ ನನ್ನದೇ ಕಾನೂನು. ಸಾಗಿಸುವುದು ಅವರ ಇಲಾಖೆ. ಫೋನು ಬಂದರೆ ಅಂಗಳದಿಂದಲೇ ಹೋಟೆಲಿನ ಗಂಟಲಲ್ಲಿ ಕೂಗುತ್ತಿದ್ದರು: “ಒಂದು ಮಂಚ, ಒಂದು ವಾಕರ್, ಪಾರ್ಸೆಲ್!” ರೋಗಿಯ ಮನೆಗೆ ಹೋದರೆ ಕಾಯಿಲೆಯ ಸುದ್ದಿ ಎತ್ತುತ್ತಿರಲಿಲ್ಲ. ಮಲಗಿದವರ ಕಾಲ ಬಳಿ ನಿಂತು, “ಬೆಳಿಗ್ಗೆ ಎಂತ ತಿಂದದ್ದು?” ಎಂದು ಕೇಳುತ್ತಿದ್ದರು. ವಾರಗಟ್ಟಲೆ ಮಾತು ಬಿಟ್ಟವರು ಸಹ ಆ ಪ್ರಶ್ನೆಗೆ ಉತ್ತರ ಕೊಟ್ಟದ್ದನ್ನು ನಾನು ಕಂಡಿದ್ದೇನೆ.

ಬಾಡಿಗೆ ಟೆಂಪೊದವರು ಹೇಳಿದ ಹೊತ್ತಿಗೆ ಬರುತ್ತಿರಲಿಲ್ಲ. ನನಗೆ ಅದನ್ನು ಸಹಿಸಲಾಗುತ್ತಿರಲಿಲ್ಲ. ಕೊನೆಗೆ ಧನಿಗಳು ಹೊಸ ಪಿಕಪ್ ಒಂದನ್ನು ತೆಗೆದುಕೊಂಡೇ ಬಿಟ್ಟರು. ಬೆಳಿಗ್ಗೆ ಕದ್ರಿ ದೇವಸ್ಥಾನದಲ್ಲಿ ಪೂಜೆಯಾಯಿತು. ಚಕ್ರದಡಿ ಲಿಂಬೆಹಣ್ಣು ಅಪ್ಪಚ್ಚಿಯಾಯಿತು. ಅಷ್ಟಕ್ಕೆ ಬಿಡದೆ, “ಸಿಸ್ಟರ್ ಕೂತುಕೊಳ್ಳುವ ಗಾಡಿ, ನಿಮ್ಮ ಕಡೆಯದ್ದೂ ಆಗ್ಲಿ,” ಎಂದು ಸಂಜೆ ಬಿಕರ್ನಕಟ್ಟೆಗೆ ತಂದು, ಬಾಲಯೇಸುವಿನ ಪುಣ್ಯಕ್ಷೇತ್ರದಲ್ಲಿ ಪಾದ್ರಿಗಳಿಂದ ಪವಿತ್ರ ಜಲ ಹಾಕಿಸಿದರು.

ಅಲ್ಲಿಂದ ಹಿಂದೆ ಬರುವಾಗಲೇ ಅವರು ಹೇಳಿದ್ದು.

“ಸಿಸ್ಟರ್, ಸ್ವಲ್ಪ ಈ ಸ್ಟೇರಿಂಗ್ ನೋಡಿ. ರಸ್ತೆ ನೇರ ಉಂಟು, ಗಾಡಿಯೂ ನೇರ ಹೋಗ್ತಾ ಉಂಟು. ಇದೊಂದು ಮಾತ್ರ ಎಡಕ್ಕೆ ಕುತ್ತಿಗೆ ಓರೆ ಮಾಡಿಕೊಂಡು ಕೂತಿದೆ.”

ನೋಡಿದೆ. ಗೋಡೆಯ ಮೇಲಿನ ಪಟ ಒಂದು ಬದಿಗೆ ವಾಲಿದಂತೆ, ಚಕ್ರದ ನಡುವಿನ ಗುರುತು ಎಡಕ್ಕೆ ವಾಲಿತ್ತು. ಹಾಸಿಗೆಯ ಹೊದಿಕೆಯ ಮೂಲೆ ಸರಿಯಾಗಿ ಮಡಚದಿದ್ದರೆ ವಾರ್ಡು ದಾಟಿ ಮುಂದೆ ಹೋಗದವಳು ನಾನು. ದಾರಿಯುದ್ದಕ್ಕೂ ಕೈಚಾಚಿ ಅದನ್ನು ನೆಟ್ಟಗೆ ಮಾಡಬೇಕು ಅನ್ನಿಸುತ್ತಲೇ ಇತ್ತು.

ಶೋರೂಮಿನವರು, “ಹೊಸ ಗಾಡಿ ಅಲ್ವಾ, ಓಡ್ತಾ ಓಡ್ತಾ ಸೆಟ್ ಆಗ್ತದೆ,” ಎಂದು ಸಾಗಹಾಕಿದರು. ಗಾಡಿ ಓಡಿತು. ಸ್ಟೇರಿಂಗ್ ಸೆಟ್ ಆಗಲಿಲ್ಲ. ಅಷ್ಟರಲ್ಲಿ ಒಂದು ದಿನ ಮನೆಯ ಗೇಟಿನ ಎಡಗಂಬಕ್ಕೆ ಗಾಡಿ ಉಜ್ಜಿತು. ಮತ್ತೆ ಕೆಲವು ದಿನಗಳಲ್ಲಿ ಮಾರ್ಕೆಟ್ಟಿನ ಹತ್ತಿರ ನಿಲ್ಲಿಸಿದ್ದ ಸ್ಕೂಟರೊಂದನ್ನು ಮಲಗಿಸಿತು. ಅಂದು ಸಂಜೆ ಅವರ ಮಗ ಚಾವಡಿಯಲ್ಲಿ ಕೈ ಮುಂದೆ ಚಾಚಿ ನಿಂತುಬಿಟ್ಟರು.

“ಕೀ ಕೊಡಿ ಅಪ್ಪ. ಇವತ್ತು ಸ್ಕೂಟರ್. ನಾಳೆ ಮನುಷ್ಯ.”

“ಸ್ಟೇರಿಂಗ್ ಸೊಟ್ಟ ಉಂಟು ಅಂತ ನಾನು ಮೊದಲ ದಿನವೇ ಹೇಳಿದ್ದೇನೆ.”

“ಹೊಸ ಗಾಡಿಯ ಸ್ಟೇರಿಂಗ್ ಎಂತ ಸೊಟ್ಟ ಮಾರಾಯ್ರೆ! ಪ್ರಾಯ ಆಯ್ತು ಅಂತ ಒಪ್ಪಿಕೊಳ್ಳಿ.”

“ನಿನಗೂ ಹೊಟ್ಟೆ ಬಂದಿದೆ. ಒಪ್ಪಿಕೊಂಡಿದ್ದೀಯಾ?”

ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು. ಆದರೆ ಧನಿಗಳ ಮುಖದಲ್ಲಿ ನಗುವಿರಲಿಲ್ಲ. ಹೆಂಡತಿ ಹೋಗಿದ್ದರು, ಹೋಟೆಲೂ ಹೋಗಿತ್ತು. ಬೆಳಿಗ್ಗೆ ಎದ್ದು ಅಂಗಿ ತೊಡಲು ಅವರಿಗೆ ಉಳಿದಿದ್ದ ಕಾರಣ ಆ ಗಾಡಿಯೊಂದೇ. ಮಗನಿಗೂ ಅದು ಗೊತ್ತಿತ್ತು. ಇಬ್ಬರೂ ನನ್ನ ಕಡೆ ತಿರುಗಿದರು.

ನಾನು ಊಹೆಯ ಮೇಲೆ ಮಾತಾಡುವವಳಲ್ಲ. “ನಾಳೆ ಬೆಳಿಗ್ಗೆ ನೀವೇ ಗಾಡಿ ಬಿಡಿ, ನಾನು ಪಕ್ಕದಲ್ಲಿ ಕೂತು ನೋಡ್ತೇನೆ,” ಎಂದು ಮಗನಿಗೆ ಹೇಳಿದೆ.

ಮರುದಿನ ಹೆದ್ದಾರಿಯ ನೇರ ದಾರಿ ಸಿಕ್ಕ ಕೂಡಲೇ ಮಗ ಕಣ್ಣು ತಗ್ಗಿಸಿ ಸ್ಟೇರಿಂಗ್ ನೋಡಿದರು. ಸ್ವಲ್ಪ ಹೊತ್ತಿನ ಮೇಲೆ, “ಹೌದು ಸಿಸ್ಟರ್, ಸೊಟ್ಟ ಉಂಟು,” ಎಂದರು. ಹಿಂದೆ ಬಂದು ಅದನ್ನೇ ಅಪ್ಪನಿಗೆ ಹೇಳಿದರು. ನಂತರ ತಾವೇ ಶೋರೂಮಿಗೆ ಹೋಗಿ ಜಗಳಾಡಿ, ಚಕ್ರಗಳ ಜೋಡಣೆ ಬಿಚ್ಚಿಸಿ ಸ್ಟೇರಿಂಗನ್ನು ನೆಟ್ಟಗೆ ಮಾಡಿಸಿ ತಂದರು. ಧನಿಗಳಿಗೆ ಚುನಾವಣೆ ಗೆದ್ದ ಸಂಭ್ರಮ. ಮನೆಮಂದಿಗೆಲ್ಲ ಗಡ್‌ಬಡ್ ಐಸ್‌ಕ್ರೀಮ್ ತರಿಸಿದರು. ನನಗೂ ಸಮಾಧಾನವಾಯಿತು. ತಪ್ಪು ಕಬ್ಬಿಣದ್ದೆಂದು ತೀರ್ಮಾನವಾದರೆ ಯಾರಿಗೂ ನೋವಿಲ್ಲ.

ಆ ವಾರವೇ ಜೆಪ್ಪುವಿನ ಓಣಿಯೊಂದಕ್ಕೆ ಮಂಚ ಒಯ್ಯಬೇಕಿತ್ತು. ಎರಡು ಕಡೆಯೂ ಕೆಂಪುಕಲ್ಲಿನ ಗೋಡೆ. ಧನಿಗಳು ನಿಧಾನವಾಗಿಯೇ ಬಿಡುತ್ತಿದ್ದರು. ನನ್ನ ಬದಿಯ ಗೋಡೆ ಹತ್ತಿರ ಬಂತು, ಇನ್ನೂ ಹತ್ತಿರ ಬಂತು. “ಧನಿಗಳೇ!” ಎನ್ನುವಷ್ಟರಲ್ಲಿ ಎಡಗನ್ನಡಿ ಕಲ್ಲಿಗೆ ತಾಗಿ ಪುಡಿಯಾಯಿತು.

ಅವರು ಇಂಜಿನ್ ಆರಿಸಿದರು. ಸ್ಟೇರಿಂಗನ್ನು ನೋಡಿದರು. ಅದು ಇಸ್ತ್ರಿ ಮಾಡಿದಷ್ಟು ನೇರವಾಗಿತ್ತು.

“ಗೋಡೆ ಹತ್ತಿರ ಬಂದದ್ದು ನೀವು ನೋಡಿದ್ರಾ ಸಿಸ್ಟರ್?”

“ನೋಡಿದೆ.”

“ನಾನು ನೋಡ್ಲಿಲ್ಲ. ಸದ್ದು ಕೇಳಿತು, ಅಷ್ಟೇ.”

ನಂತರ ಅವರೇ ನನ್ನ ಕಡೆ ತಿರುಗಿ, “ಪರೀಕ್ಷೆ ಮಾಡಿ,” ಎಂದರು. ನನ್ನ ಮೂಗನ್ನೇ ನೋಡುವಂತೆ ಹೇಳಿ, ಬಲಗಣ್ಣು ಮುಚ್ಚಿಸಿ, ಎಡದ ಅಂಚಿನಿಂದ ಬೆರಳನ್ನು ಮೆಲ್ಲಗೆ ಒಳಗೆ ತಂದೆ. ಕಂಡಾಗ ಹೇಳಿ ಎಂದಿದ್ದೆ. ಬೆರಳು ಅವರ ಮುಖದ ನೇರಕ್ಕೆ ಬರುವವರೆಗೂ ಅವರು ಏನೂ ಹೇಳಲಿಲ್ಲ.

“ಈಗ ಹೇಳಿ ಸಿಸ್ಟರ್. ಸ್ನೇಹದಲ್ಲಿ ಬೇಡ. ವಾರ್ಡಿನಲ್ಲಿ ಹೇಳ್ತಿದ್ದ ಹಾಗೆ ಹೇಳಿ.”

ಎಷ್ಟೋ ಮನೆಯವರಿಗೆ ಎಷ್ಟೋ ಕೆಟ್ಟ ಸುದ್ದಿ ಹೇಳಿದವಳು ನಾನು. ಅಂದು ಒಡೆದ ಕನ್ನಡಿಯ ಕಡೆ ನೋಡಿಕೊಂಡೇ, “ಇವತ್ತಿನಿಂದ ನೀವು ಗಾಡಿ ಬಿಡಬಾರದು,” ಎಂದೆ.

ತಲೆಯಾಡಿಸಿದರು. ಕೀ ತೆಗೆದು ನನ್ನ ಅಂಗೈಯಲ್ಲಿಟ್ಟರು. “ಅವರು ಮಂಚಕ್ಕೆ ಕಾಯ್ತಾ ಇದ್ದಾರೆ. ಮಗನಿಗೆ ಫೋನ್ ಮಾಡಿ,” ಎಂದರು. ಮಗ ಬಂದರು. ಏನಾಯಿತೆಂದು ಅವರು ಕೇಳುವ ಮೊದಲೇ ಧನಿಗಳು ಓಣಿಯ ನಡುವೆ ನಿಂತು ಹೇಳಿದರು: “ನಾನು ಹೇಳಿದ್ದೂ ಸರಿ, ನೀನು ಹೇಳಿದ್ದೂ ಸರಿ ಮಾರಾಯ. ಗಾಡಿಗೂ ದೋಷ ಇತ್ತು, ನನಗೂ ಉಂಟು. ಗಾಡಿಯದ್ದು ರಿಪೇರಿ ಆಯ್ತು.”

ಮಗ ಅಪ್ಪನ ತೋಳು ಹಿಡಿದು ಗಾಡಿಯ ಈಚೆ ಬದಿಗೆ, ನನ್ನ ಪಕ್ಕಕ್ಕೆ, ಹತ್ತಿಸಿದರು.

ಕಣ್ಣಿನ ಒಳಗಿನ ಒತ್ತಡ ಏರಿ ಎಡಗಣ್ಣಿನ ನೋಟ ಅಂಚಿನಿಂದ ಕರಗುತ್ತ ಬಂದಿದೆ ಎಂದು ವೈದ್ಯರು ಹೇಳಿದರು. ಹೋದದ್ದು ಬರುವುದಿಲ್ಲ; ಇದ್ದದ್ದನ್ನು ಉಳಿಸಬಹುದು. ದಿನವೂ ಹನಿ ಹಾಕುವುದು ನನ್ನ ಕೆಲಸವಾಯಿತು. ಮಗನಿಗೆ ತನ್ನ ವ್ಯಾಪಾರವಿತ್ತು, ದಿನಾ ಗಾಡಿ ಬಿಡಲು ಸಾಧ್ಯವಿರಲಿಲ್ಲ. ಇನ್ನು ಮಂಚಗಳ ಕೆಲಸ ಮುಗಿದಂತೆಯೇ ಎಂದು ನಾನು ಎಣಿಸಿದ್ದೆ. ಧನಿಗಳು ಎಣಿಸಿದ್ದು ಬೇರೆ.

“ನೀವು ಕಲಿಯಿರಿ.”

“ನಾನಾ? ಈ ಪ್ರಾಯದಲ್ಲಾ?”

“ನಿಮ್ಮ ಕಣ್ಣು ಸರಿ ಉಂಟು, ಕೈ ಗಟ್ಟಿ ಉಂಟು, ಬೈಯ್ಲಿಕ್ಕೂ ಬರ್ತದೆ. ಡ್ರೈವರಿಗೆ ಇನ್ನೆಂತ ಬೇಕು?”

ಕಲಿತೆ. ಡ್ರೈವಿಂಗ್ ಶಾಲೆಯಲ್ಲಿ ಕಲಿತದ್ದು ಸ್ವಲ್ಪ. ಪಕ್ಕದಲ್ಲಿ ಕೂತ ಧನಿಗಳಿಂದ ಕಲಿತದ್ದೇ ಹೆಚ್ಚು. ಕದ್ರಿಯ ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಿದಾಗ ಅವರು ಕಿರುಚಲಿಲ್ಲ. “ಹಾಲು ಉಕ್ಕುವಾಗ ಓಡ್ಬಾರ್ದು ಸಿಸ್ಟರ್, ಬೆಂಕಿ ಸಣ್ಣ ಮಾಡ್ಬೇಕು. ಬ್ರೇಕ್,” ಎಂದರು. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದರೆ ಕಿಟಕಿಯಿಂದ ಆ ನುಣುಪಾದ ಕೈಯನ್ನು ಹೊರಚಾಚಿ, “ಇರು ಮಾರಾಯ, ಧನಿಯ ಡ್ರೈವರ್ ಹೊಸಬರು,” ಎಂದು ಸಮಾಧಾನ ಮಾಡುತ್ತಿದ್ದರು. ಹೋಟೆಲಿನ ಹಳೆಯ ಗಿರಾಕಿಗಳು ಸಿಗ್ನಲ್ಲಿನಲ್ಲಿ ಕಂಡು, “ಎಂತ ಧನಿಗಳೇ, ಭಡ್ತಿಯಾ?” ಎಂದರೆ, “ಹೌದು, ಈಗ ಕೂತು ಸಂಬಳ,” ಎನ್ನುತ್ತಿದ್ದರು. ಒಮ್ಮೆಯಾದರೂ ಆ ಸೀಟಿನಿಂದ ಈ ಸೀಟನ್ನು ಆಸೆಯಿಂದ ನೋಡಿದ್ದಿಲ್ಲ. ನೋಡಿರಲೂಬಹುದು, ನನಗೆ ತೋರಿಸಲಿಲ್ಲ.

ಹಾಗೆ ಕೆಲವು ವರ್ಷ ಓಡಾಡಿದೆವು. ಕಳೆದ ವರ್ಷ ಒಂದು ಮಧ್ಯಾಹ್ನ, ಊಟದ ನಂತರ ಆರಾಮಕುರ್ಚಿಯಲ್ಲಿ ಕೂತವರು ಹಾಗೆಯೇ ಹೋದರು. ಮಂಚ ಹಿಡಿಯಲೇ ಇಲ್ಲ.

ನನ್ನ ಸೇವೆಯ ಕಾಲದಲ್ಲಿ ದೊಡ್ಡ ದೊಡ್ಡವರನ್ನು ಕಂಡಿದ್ದೇನೆ. ಕೈ ನಡುಗಲು ಶುರುವಾದ ಮೇಲೂ ಆಪರೇಶನ್ ಮಾಡುವುದನ್ನು ಬಿಡದವರು, ಕಿವಿ ಕೇಳಿಸದೆ ಸಭೆ ನಡೆಸುವವರು. ಅವರಿಗೆ ಹೇಳುವ ಧೈರ್ಯ ಸುತ್ತಲಿನವರಿಗಿರಲಿಲ್ಲ. ಹೇಳಿ ಎಂದು ಕೇಳುವ ಧೈರ್ಯ ಅವರಿಗೂ ಇರಲಿಲ್ಲ. ಆ ಓಣಿಯಲ್ಲಿ ಧನಿಗಳು ಕೇಳಿದರು. ತಮ್ಮ ಪರವಾಗಿ ಆಗಷ್ಟೇ ತೀರ್ಪು ಬಂದಿದ್ದಾಗ, ಅದರ ಮರೆಯಲ್ಲಿ ಇನ್ನೂ ಸ್ವಲ್ಪ ಕಾಲ ಕೂರಬಹುದಾಗಿದ್ದಾಗ ಕೇಳಿದರು. ನನಗೆ ಅವರು ಕೊಟ್ಟದ್ದರಲ್ಲಿ ಗಾಡಿ ಸಣ್ಣದು.

ಈಗ ಪಿಕಪ್ಪನ್ನು ನಾನೇ ಬಿಡುತ್ತೇನೆ. ಪಕ್ಕದಲ್ಲಿ ಧನಿಗಳ ಸೊಸೆ ಕೂರುತ್ತಾಳೆ. ಮೊನ್ನೆ ರಿವರ್ಸ್ ತೆಗೆಯುವಾಗ, ಇದೇ ಮೊದಲ ಸಲ, ಹಿಂದಿದ್ದ ಒಂದು ಹೂವಿನ ಕುಂಡ ನನಗೆ ಕಾಣಲಿಲ್ಲ. ಕುಂಡ ಒಡೆಯಿತು. ಗಾಡಿ ನಿಲ್ಲಿಸಿ ಅವಳಿಗೆ ಹೇಳಿದೆ:

“ನೋಡು, ನಾನು ನಿಲ್ಲಿಸಬೇಕಾದ ದಿನ ಬಂದ್ರೆ ನೀನು ಹೇಳ್ಬೇಕು.”

“ನಾನಾ? ನಿಮಗಾ?” ಅವಳು ಹೆದರಿದಳು. “ನೀವು ನನ್ನನ್ನು ಬೈದು ಮುಗಿಸುವುದಿಲ್ವಾ ಸಿಸ್ಟರ್?”

“ಬೈತೇನೆ. ಆದ್ರೂ ಹೇಳು.”

ಅವಳು ಇಳಿದು ಕುಂಡದ ಚೂರುಗಳನ್ನು ಬದಿಗೆ ಸರಿಸಿದಳು. ಮತ್ತೆ ಹತ್ತಿ ಕೂತಳು. ಬಾಗಿಲು ಹಾಕಿಕೊಂಡು, ನನ್ನ ಮುಖ ನೋಡದೆ, “ನಾಳೆ ಕಣ್ಣಿನ ಡಾಕ್ಟರ ಹತ್ತಿರ ಹೋಗುವ. ನಾನೂ ಬರ್ತೇನೆ,” ಎಂದಳು.