ಶಾರದತ್ತೆಗೆ ಸುಡದ ತಾಮ್ರ

ಇವತ್ತು ಅಂಕೋಲೆಯ ಪಾತ್ರೆ ಅಂಗಡಿಯಲ್ಲಿ ತಾಮ್ರದ ವಾಸನೆ ಮೂಗಿಗೆ ಬಡಿದು, ಭಾವಿಕೇರಿಯ ನಮ್ಮ ಅಡುಗೆಮನೆ ನೆನಪಾಯಿತು.

ವೈರಿಂಗ್ ಕೆಲಸ ಮಾಡುತ್ತಿದ್ದ ಅಪ್ಪ ನನ್ನ ಚಿಕ್ಕಂದಿನಲ್ಲಿ ಒಂದು ದಿನ ಅಲ್ಲಿ ತಾಮ್ರದ್ದೊಂದು, ಕಬ್ಬಿಣದ್ದೊಂದು ಸರಳಿನ ತುದಿಯನ್ನು ಕೆಂಡದಲ್ಲಿಟ್ಟು ಹೇಳಿದ: "ತಾಮ್ರದೊಳಗೆ ಇಲೆಕ್ಟ್ರಾನುಗಳು ಸಲೀಸಾಗಿ ಓಡ್ತವೆ, ಕಬ್ಬಿಣದಲ್ಲಿ ಎಡವ್ತವೆ. ಅದ್ಕೇ ಕರೆಂಟೂ ಬಿಸಿಯೂ ತಾಮ್ರದಲ್ಲಿ ಬೇಗ ದಾಟೂದು."

ಇನ್ನೊಂದು ತುದಿ ಮುಟ್ಟಿದ ನಾನು ತಾಮ್ರವನ್ನು ತಟ್ಟನೆ ಬಿಟ್ಟೆ. ಅಪ್ಪನ ತಂಗಿ ಶಾರದತ್ತೆ ಎರಡನ್ನೂ ಹಿಡಿದು, "ನಂಗೆ ಎರಡೂ ಒಂದೇ" ಎಂದು ನಕ್ಕಳು. ತಾಮ್ರ ಹಿಡಿದ ಬೆರಳುಗಳಲ್ಲಿ ಬೊಬ್ಬೆ ಎದ್ದಿತ್ತು.

"ಎಷ್ಟು ದಿನಾಯ್ತೇ ಹೀಂಗೆ?" ಅಪ್ಪ ಅವಳ ಬೆರಳುಗಳನ್ನು ಬೆಳಕಿಗೆ ಹಿಡಿದು ಕೇಳಿದ.

"ಮಳೆಗಾಲದಿಂದ. ಹೇಳಿದ್ರೆ ಮದುವೆ ನಿಲ್ತದಲ್ಲ, ಅಣ್ಣಾ."

ಕಾರವಾರದ ಡಾಕ್ಟರು ಕುಷ್ಠ ಎಂದರು. ಮಾತ್ರೆಯಿಂದ ರೋಗ ವಾಸಿಯಾಯಿತು. ಗಂಡಿನವರು ಮಾತ್ರ ಮತ್ತೆ ಬರಲಿಲ್ಲ.

ಈಗಲೂ ಊರಿಗೆ ಹೋದಾಗ ಅತ್ತೆಯ ಕೈ ಹಿಡಿದುಕೊಳ್ಳುತ್ತೇನೆ. ಹಿಡಿದದ್ದು ಅವಳಿಗೆ ಕಣ್ಣಿಂದ ನೋಡಿದರಷ್ಟೇ ತಿಳಿಯುತ್ತದೆ.