ಕೌದಿ ಹೊದ್ದ ಹಿಮದ ದಂಡೆ

ಹಿಮದ ದಂಡೆಯನ್ನು ಕೌದಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ ಟೀಚರು ಇಡೀ ಮಕ್ತಲ್‌ನಲ್ಲಿ ನಾನೊಬ್ಬಳೇ ಇರಬೇಕು. ಗದ್ವಾಲದಲ್ಲಿ ಭೂಗೋಳದ ಶಿಕ್ಷಕರ ಮುಂದೆ ಮಾದರಿ ಪಾಠ ಮಾಡಬೇಕಿತ್ತು. ಉತ್ತರ ಧ್ರುವದ ಕಡೆ ನದಿ ಸಮುದ್ರ ಸೇರುವಲ್ಲಿ ನೆಲವೇ ಹೆಪ್ಪುಗಟ್ಟಿರುತ್ತದೆ. ಬೇಸಿಗೆಯ ನೀರು ತಾಗಿದರೆ ದಂಡೆ ದೊಡ್ಡ ದೊಡ್ಡ ಹೆಂಟೆಯಾಗಿ ಉರುಳಿ, ನದೀಮುಖದ ಆಕಾರವೇ ಬದಲಾಗುತ್ತದೆ. ಅದನ್ನು ಕಣ್ಣಾರೆ ತೋರಿಸುತ್ತೇನೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಮರಳು, ಮಣ್ಣು, ನೀರು ಕಲಸಿ ಪುಟ್ಟ ದಂಡೆಯ ಆಕಾರ ಕೊಟ್ಟು, ಕೂಲ್‌ಡ್ರಿಂಕ್ಸ್ ಅಂಗಡಿಯ ಫ್ರೀಜರಿನಲ್ಲಿಟ್ಟು ಕಲ್ಲಿನಷ್ಟು ಗಟ್ಟಿ ಮಾಡಿಸಿದ್ದೆ.

ಕೌದಿ ಮಾತ್ರ ಅತ್ತೆಯದು.

"ಕೌದಿ ಹೊಚ್ಚಿದ್ರ ಕಾವಾಗತೈತಿ. ಬರ್ಫ ಕರಗೂದಿಲ್ಲೇನ?" ಎಂದರು.

"ಹೊರಗಿನ ಕಾವು ಒಳಗ ಬರಬಾರದಂತ ಹೊಚ್ಚೀನ್ರಿ, ಅತ್ತಿ."

"ಕೌದಿ ತೊಯ್ದ್ರ?"

"ಹೊಸಾದು ನಾನೇ ಹೊಲ್ದು ಕೊಡತೀನ್ರಿ."

ಸೂಜಿಗೆ ದಾರ ಪೋಣಿಸಲೂ ಬಾರದವಳ ಮಾತಿದು. ಅತ್ತೆ ಕೌದಿ ಕಾಯಲು ನನ್ನ ಜೊತೆಗೇ ಬಸ್ಸು ಹತ್ತಿದರು.

ಗದ್ವಾಲದಲ್ಲಿ ಬಿಚ್ಚಿದರೆ ಒಂದು ಹನಿಯೂ ಕರಗಿರಲಿಲ್ಲ. ಖುಷಿಯಿಂದ ನನ್ನ ಕಾಲು ನೆಲದ ಮೇಲಿರಲಿಲ್ಲ. ಹೆಂಟೆಯನ್ನು ಪರಾತದಲ್ಲಿ ನಿಲ್ಲಿಸಿ, ಕೌದಿಯನ್ನು ಪಕ್ಕಕ್ಕಿಟ್ಟು, ಮೇಲಿಂದ ಉಗುರುಬೆಚ್ಚಗಿನ ನೀರು ಸುರಿದೆ. ದಂಡೆ ಅಲ್ಲಾಡಲಿಲ್ಲ. ಮತ್ತೊಂದು ತಂಬಿಗೆ ಸುರಿದೆ. ಅದಕ್ಕೂ ಜಗ್ಗಲಿಲ್ಲ. ಹಿಂದಿನ ಸಾಲಿನಲ್ಲಿ ಕಿಸಿಕಿಸಿ ನಗು ಶುರುವಾಯಿತು. ಕರಗುತ್ತದೆಂದು ದಾರಿಯುದ್ದಕ್ಕೂ ಹೆದರಿದವಳು, ಈಗ ಕರಗು ಮಾರಾಯ್ತಿ ಎಂದು ಮನಸ್ಸಿನಲ್ಲೇ ಅಂಗಲಾಚುತ್ತಿದ್ದೆ.

ಬಾಗಿಲ ಬಳಿ ಕೂತಿದ್ದ ಅತ್ತೆ ಎದ್ದು ಬಂದರು. "ಮ್ಯಾಲಿಂದ ಯಾಕ ಹುಯ್ಯತಿ? ಹೊಳಿ ಬುಡಾ ತಿಂತೈತಿ. ನಮ್ಮಪ್ಪನ ಹೊಲ ಹಂಗೇ ಹೋಗೇತಿ." ಕೃಷ್ಣೆಯ ದಂಡೆಯ ಮೇಲೆ ಹುಟ್ಟಿದವರು ಅವರು. ತಂಬಿಗೆ ಕಸಿದುಕೊಂಡು ಹೆಂಟೆಯ ಬುಡಕ್ಕೇ ನೀರು ಬಿಡತೊಡಗಿದರು. ಬುಡದಲ್ಲಿ ಮೊದಲು ಗೀರು ಬಿತ್ತು, ಆಮೇಲೆ ಪೊಟರೆಯಾಯಿತು. ಮೇಲಿನ ಭಾಗ ಗಟ್ಟಿಯಾಗಿಯೇ ಮುಂದಕ್ಕೆ ಬಾಗಿ, ದಬಕ್ಕನೆ ಪರಾತಕ್ಕೆ ಉರುಳಿತು. ಧ್ರುವದಲ್ಲೂ ಹೀಗೇ ಎಂದು ಕೂಗುತ್ತ ನಾನು ಅತ್ತೆಯನ್ನು ತಬ್ಬಿಕೊಂಡೆ. ಅಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದರು.

ಅತ್ತೆ ಮಾತ್ರ ಕೌದಿಯ ಕಡೆ ಬೆರಳು ತೋರಿಸಿದರು. ಪರಾತದಿಂದ ಚಿಮ್ಮಿದ ಕೆಸರುನೀರಿನಲ್ಲಿ ಅದು ಪೂರ್ತಿ ತೊಯ್ದಿತ್ತು.

ಈಗ ಕೌದಿ ಹೊಲಿಯುತ್ತಿದ್ದೇನೆ. ನಿನ್ನೆ ಅಂಚು ಸೊಟ್ಟಗಾಯಿತೆಂದು ಬಿಚ್ಚಲು ಹೊರಟರೆ ಅತ್ತೆ ಕೈ ಹಿಡಿದರು.

"ಇರಲಿ ಬಿಡು. ಹೊಳಿ ದಂಡಿ ನೆಟ್ಟಗಿರತೈತೇನು?"