‘ಏನೂ ಆಗಲ್ಲ’ ಅನ್ನಬಾರದಂತೆ

ವಿದೇಶದಲ್ಲಿ ನರ್ಸ್ ಆಗಲು ಬೇಕಾದ ಲೈಸೆನ್ಸ್ ಪರೀಕ್ಷೆಗೆ ಓದುತ್ತಿದ್ದೆ. ಶ್ರೀರಾಂಪುರದ ಕೋಚಿಂಗ್ ಸೆಂಟರಿನ ಕಂಪ್ಯೂಟರು ಕೇಳಿತು: ‘ನಾನು ಸಾಯ್ತೀನಾ’ ಎಂದು ರೋಗಿ ಕೇಳಿದರೆ ಏನು ಹೇಳುತ್ತೀರಿ? ‘ಏನೂ ಆಗಲ್ಲ, ಹೆದರಬೇಡಿ’ ಅನ್ನುವ ಉತ್ತರವನ್ನು ಒತ್ತಿದೆ. ತಪ್ಪು! ಕೆನ್ನೆಗೆ ಹೊಡೆದ ಹಾಗಾಯಿತು. ವಾರ್ಡಿನಲ್ಲಿ ಇಷ್ಟು ವರ್ಷ ನಾನು ಹೇಳಿಕೊಂಡು ಬಂದಿದ್ದೇ ಅದು. ಸುಳ್ಳು ಭರವಸೆ ಕೊಡಬಾರದು, ಅವರ ಭಯವನ್ನು ಅವರ ಬಾಯಲ್ಲೇ ಹೇಳಿಸಬೇಕಂತೆ.

ಮಾರನೇ ದಿನ ಡ್ಯೂಟಿಯಲ್ಲಿ, ಕಣ್ಣಿನ ಪೊರೆ ಆಪರೇಷನ್‌ಗೆ ಬಂದಿದ್ದ ಅಜ್ಜಿಯೊಬ್ಬರು ನನ್ನ ಕೈ ಹಿಡಿದು, "ನಾನು ಉಳ್ಕತೀನೇನವ್ವ?" ಅಂದರು. ಸರಿಯುತ್ತರ ನಾಲಿಗೆಯ ಮೇಲೇ ಇತ್ತು. ಗಂಭೀರವಾಗಿ, "ನಿಮಗೆ ಯಾವುದರ ಭಯ ಅಂತ ಹೇಳಿ ಅಜ್ಜಿ" ಅಂದೆ.

ಅಜ್ಜಿಯ ಮುಖ ಬಿಳಿಚಿಕೊಂಡಿತು. "ಅಯ್ಯಯ್ಯೋ, ಎಲ್ರೂ ಏನೂ ಆಗಲ್ಲ ಅಂದ್ರು. ನೀನೊಬ್ಳು ಅನ್ಲಿಲ್ವಲ್ಲ!" ಎಂದವರೇ ಮಂಚದಿಂದ ಇಳಿದು, ಆಸ್ಪತ್ರೆಯ ಹಸಿರು ಗೌನಿನಲ್ಲೇ ಲಿಫ್ಟಿನ ಕಡೆ ನಡೆದೇಬಿಟ್ಟರು. ನಾನು ಹಿಂದೆಯೇ ಓಡಿದೆ. "ಏನೂ ಆಗಲ್ಲ ಕಣಜ್ಜಿ, ನಾನಿದ್ದೀನಿ ಬನ್ನಿ!"

ತಕ್ಷಣ ತಿರುಗಿದರು. "ಮೊದ್ಲೇ ಅಂಗನ್ನಕ್ಕೆ ಏನಾಗಿತ್ತು ನಿಂಗೆ?"

ಪರೀಕ್ಷೆಯಲ್ಲೂ ಅಂಥದೇ ಪ್ರಶ್ನೆ ಬಂತು. ಅಜ್ಜಿಯನ್ನು ಓಡಿಸಿದ ಉತ್ತರವನ್ನೇ ಒತ್ತಿದೆ. ಪಾಸಾದೆ.